ಸಂಸ್ಥೆಯ ಖಾತೆಗೆ ಹಾರದ ಫೋಟೊ

ನಾನು ಕೆಲಸಕ್ಕೆ ಸೇರಿದಾಗ ಶಾಲೆಯ ಕ್ಲಾರ್ಕನಿಗೆ ಬೇಕಾಗಿದ್ದ ವಿದ್ಯೆಗಳು ಮೂರೇ: ಟೈಪ್ ಹೊಡೆಯುವುದು, ಪಗಾರದ ಬಿಲ್ಲು ಮಾಡುವುದು, ಚೇರಮನ್ನರು ಬಂದಾಗ ಎದ್ದು ನಿಲ್ಲುವುದು. ನಿವೃತ್ತನಾಗುವ ಹೊತ್ತಿಗೆ ಮೊದಲಿನ ಎರಡನ್ನು ಕಂಪ್ಯೂಟರು ಕಿತ್ತುಕೊಂಡಿತ್ತು. ಮೂರನೆಯದನ್ನು ಕಿತ್ತುಕೊಳ್ಳುವ ಯಂತ್ರ ಇನ್ನೂ ಬಂದಿಲ್ಲ. ಈಗ ಹೊಸದಾಗಿ ಸೇರುವವರಿಗೆ 'ಸಂಸ್ಥೆಯ ಸೋಷಲ್ ಮೀಡಿಯಾ ನೀವೇ ಸಂಭಾಳಿಸಿ' ಎಂದು ನಾಲ್ಕನೆಯ ವಿದ್ಯೆಯನ್ನೂ ತಲೆಗೆ ಕಟ್ಟುತ್ತಾರಂತೆ. ಆ ಕೆಲಸವನ್ನು ನಮ್ಮ ಕಡೆ ಮೊದಲು ಮಾಡಿದವನು ನಾನು ಎಂದು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ತಿಳಿಯಬೇಕಾದರೆ ಇದನ್ನು ಓದಬೇಕು.

ನಮ್ಮ ಹೈಸ್ಕೂಲು ಇರುವುದು ಜತ್ತ ತಾಲೂಕಿನಲ್ಲಿ, ಮಾಡಗ್ಯಾಳದ ಕಡೆ. ಸರ್ಕಾರ ಮಹಾರಾಷ್ಟ್ರದ್ದು, ಕಾಗದಪತ್ರ ಮರಾಠಿಯದು, ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡದವರು. ಒಂದೇ ಕಟ್ಟಡದಲ್ಲಿ ಒಂದು ಮರಾಠಿ ತುಕಡಿ, ಒಂದು ಕನ್ನಡ ತುಕಡಿ. ತರಗತಿಯ ವಿಭಾಗಕ್ಕೆ ನಮ್ಮಲ್ಲಿ ತುಕಡಿ ಎನ್ನುತ್ತಾರೆ. ಕ್ಲಾರ್ಕನಿಗೆ ಸ್ವಂತ ಹೆಸರು ಇರುವುದಿಲ್ಲ, ಎಲ್ಲ ಶಾಲೆಯ ಎಲ್ಲ ಕ್ಲಾರ್ಕರೂ 'ಭಾವುಸಾಹೇಬ'ರೇ. ಸಾಹೇಬಿಕೆ ಹೆಸರಿನಲ್ಲಷ್ಟೇ. ಚಹಾ ಆರಿದರೂ ಭಾವುಸಾಹೇಬ, ಗಂಟೆ ತಡವಾದರೂ ಭಾವುಸಾಹೇಬ, ಶಿಕ್ಷಣಾಧಿಕಾರಿಗಳ ಜೀಪು ಕೆಟ್ಟರೂ ಭಾವುಸಾಹೇಬ.

ಸಂಸ್ಥೆಯ ಚೇರಮನ್ನರನ್ನು ಊರೆಲ್ಲ ಅಣ್ಣಾ ಎನ್ನುತ್ತಿತ್ತು. ಹಳೆಯ ಕಾಲದ ಮರಾಠಿ ಏಳನೆಯ ಇಯತ್ತೆ ಪಾಸಾದವರು. ಮನೆಯಲ್ಲಿ ಮಾತು ಕನ್ನಡ, ಓದುವುದು ಮರಾಠಿ, ಸಹಿ ಮಾತ್ರ ಇಂಗ್ಲಿಷಿನಲ್ಲಿ. ಅದನ್ನೂ ಯಾರೋ ಬರೆದುಕೊಟ್ಟಿದ್ದನ್ನು ನೋಡಿ ನೋಡಿ ರೂಢಿ ಮಾಡಿಕೊಂಡಿದ್ದರು. ಓದು ಕಡಿಮೆಯೆಂದು ನಾನು ಯಾರನ್ನೂ ಹೀಗಳೆಯುವುದಿಲ್ಲ, ನಮ್ಮಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ಆದರೆ ಓದಿದವರೆಲ್ಲ ತನ್ನೆದುರು ಕೈಕಟ್ಟಿ ನಿಲ್ಲಲಿ ಎಂದೇ ಶಾಲೆ ತೆರೆದ ಮನುಷ್ಯನನ್ನು ಹೀಗಳೆಯದೆ ಇರಲಾರೆ.

ಕಂಪ್ಯೂಟರು ಬಂದ ದಿನವನ್ನು ಮರೆಯುವಂತಿಲ್ಲ. ತೆಂಗಿನಕಾಯಿ ಒಡೆದರು, ಅದರ ನೀರು ಕೀಲಿಮಣೆಯ ಮೇಲೆ ಬಿತ್ತು. ನಮ್ಮ ಹೆಡ್‌ಮಾಸ್ತರರು ಕರಾಡದ ಕಡೆಯವರು, ಕನ್ನಡದ ಗಂಧವಿಲ್ಲ. ವರ್ಷಗಟ್ಟಲೆ ಇಲ್ಲಿದ್ದರೂ 'ಬರ್ರಿ', 'ಕುಂದ್ರಿ' ಬಿಟ್ಟು ಮೂರನೆಯ ಮಾತು ಕಲಿತವರಲ್ಲ. ಅವರು ಸ್ನೇಹಸಮ್ಮೇಳನದ ಪರದೆಯಲ್ಲಿ ಉಳಿದ ಸ್ಯಾಟಿನ್ ಬಟ್ಟೆಯಿಂದ ಯಂತ್ರಕ್ಕೊಂದು ಗವಸಣಿಗೆ ಹೊಲಿಸಿ, ಕೋಣೆಗೆ ಕೀಲಿ ಹಾಕಿ, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು. ಮಕ್ಕಳು ಕಿಟಕಿಯಿಂದ ಆ ಗವಸಣಿಗೆಯನ್ನೇ ನೋಡಿ ಕಂಪ್ಯೂಟರ್ ಶಿಕ್ಷಣ ಪಡೆದರು. ಕೊನೆಗೆ ಅದನ್ನು ಯಾರು ನಡೆಸಬೇಕು ಎಂಬ ಪ್ರಶ್ನೆ ಬಂದಾಗ ಅಣ್ಣಾ ನನ್ನ ಕಡೆ ನೋಡಿದರು.

"ನಿನಗ ಟೈಪಿಂಗ್ ಬರತದಲ್ಲೊ ಭಾವುಸಾಹೇಬ? ಹಂಗಾರ ಇದೂ ಬರತದ. ಅಲ್ಲೂ ಗುಂಡಿ, ಇಲ್ಲೂ ಗುಂಡಿ."

ಇದೇ ನನ್ನ ತರಬೇತಿ. ಜತ್ತದ ಒಂದು ಸೈಬರ್ ಕೆಫೆಯಲ್ಲಿ ರವಿವಾರ ರವಿವಾರ ಕೂತು, ಅಲ್ಲಿಯ ಪೋರರಿಂದ ಬೈಸಿಕೊಂಡು ನಾನು ಉಳಿದದ್ದನ್ನು ಕಲಿತೆ. ಆಮೇಲೆ ಶಾಲೆಯ ಟೆಲಿಫೋನ್ ತಂತಿಗೆ ಇಂಟರ್‌ನೆಟ್ ಜೋಡಿಸಿದರು. ಅದು ಎತ್ತಿನ ಗಾಡಿಗಿಂತ ನಿಧಾನ. ಅದರ ಜೊತೆಗೆ ಲೋಡ್ ಶೆಡಿಂಗು.

ಇಸವಿ ಎರಡು ಸಾವಿರದ ಎಂಟರ ಸುಮಾರಿಗೆ ಅಣ್ಣಾ ಒಂದು ಮದುವೆಗೆ ಹೋಗಿ ಬಂದವರೇ ಧಡಧಡನೆ ನನ್ನ ಟೇಬಲ್ಲಿಗೆ ಬಂದರು.

"ಜತ್ತದಾಗ ಆ ಸಾಲಿಯವರು ಇಂಟರ್‌ನೆಟ್ಟಿನ್ಯಾಗ ಖಾತೆ ತಗದಾರಂತ. ನಮ್ಮದು ಯಾಕ ಇಲ್ಲ?"

"ಯಾವ ಖಾತೆರಿ ಅಣ್ಣಾ?"

"ಅದ, ಹುಡುಗೂರು ದೋಸ್ತಿ ಮಾಡತಾರಲ್ಲ. ಆರ್ಕುಟ್ಟೋ ಗೀರ್ಕುಟ್ಟೋ. ಮದಿವ್ಯಾಗ ಎಲ್ಲಾರ ಮುಂದ ಕೇಳಿದರಪಾ, ನಿಮ್ಮ ಸಂಸ್ಥಾ ಅದರಾಗ ಇಲ್ಲೇನ್ರಿ ಅಂತ. ಮಾರಿ ಎಲ್ಲಿ ಇಟಗೊಳ್ಳಿ ನಾ?"

ಆರ್ಕುಟ್ ಈಗ ಮುಚ್ಚಿಹೋಗಿದೆ. ಆಗ ಪುಣೆ, ಮುಂಬೈ, ಮಿರಜ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲ ಅದರಲ್ಲೇ ಇದ್ದರು. ಅವರನ್ನು ಶಾಲೆಗೆ ಜೋಡಿಸುವ ಒಳ್ಳೆಯ ದಾರಿ ಅದು ಎಂದು ನನಗೂ ಅನ್ನಿಸಿತು. ಅರ್ಧ ತಾಸಿನಲ್ಲಿ ಖಾತೆ ತೆರೆಯಬಹುದಿತ್ತು, ಆದರೆ ನಮ್ಮ ಸಂಸ್ಥೆಯಲ್ಲಿ ಠರಾವು ಇಲ್ಲದೆ ಸೂಜಿಯೂ ಅಲುಗುವಂತಿಲ್ಲ. ಯಾವುದೇ ವಿಷಯಕ್ಕೆ ಒಬ್ಬ ಸೂಚಕ ಬೇಕು, ಒಬ್ಬ ಅನುಮೋದಕ ಬೇಕು, ಉಳಿದವರು ಕೈ ಎತ್ತಬೇಕು. ಡೈರೆಕ್ಟರರೆಲ್ಲ ಅಣ್ಣಾರ ಸಂಬಂಧಿಕರೇ. ಅವರಲ್ಲಿ ಮುಖ್ಯನಾದವನು ಅಣ್ಣಾರ ಹೆಂಡತಿಯ ತಮ್ಮ ಮಲ್ಲಪ್ಪ. ಅಣ್ಣಾ ಸೀನಿದರೂ ಅನುಮೋದಿಸುವ ಮನುಷ್ಯ.

ಸಭೆಯಲ್ಲಿ ಮೊದಲು ಬಂದದ್ದು ಪಾಸ್‌ವರ್ಡಿನ ವಿಷಯ. ಅದು ಒಬ್ಬನಿಗೇ ಗೊತ್ತಿರಬೇಕಾದ ಗುಟ್ಟು ಎಂದು ನಾನು ಹೇಳಿದ್ದೇ ತಡ, ಹೆಡ್‌ಮಾಸ್ತರರ ಹುಬ್ಬು ಮೇಲೇರಿತು. ಸಂಸ್ಥೆಯ ಸ್ವತ್ತು ಒಬ್ಬ ಕ್ಲಾರ್ಕನ ಕೈಯಲ್ಲಿ ಇರುವುದು ಹೇಗೆ? ಅದನ್ನು ಪ್ರೊಸೀಡಿಂಗಿನಲ್ಲಿ ಬರೆಯಬೇಕೆಂದರು. ಅಣ್ಣಾರ ಹೆಸರು, ಅದರ ಮುಂದೆ ಅವರ ಜೀಪಿನ ನಂಬರು ಎಂದು ಸರ್ವಾನುಮತದಿಂದ ಮಂಜೂರಾಯಿತು. ಇನ್ನು ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ ಕಾಯಂ ಮಾಡುವುದು ನಮ್ಮ ಪದ್ಧತಿ. ಓದುವವನು ನಾನೇ. ಹೀಗೆ ಒಂದು ತಿಂಗಳ ಮೇಲೆ ನಾನು ತೆರೆದ ಬಾಗಿಲಿನ ಕೋಣೆಯಲ್ಲಿ ನಿಂತು, ಪಡಸಾಲೆಯಲ್ಲಿ ಕಾದಿದ್ದ ಪಾಲಕರಿಗೂ ಚಹಾದವನಿಗೂ ಕೇಳುವಂತೆ ಸಂಸ್ಥೆಯ ಪಾಸ್‌ವರ್ಡನ್ನು ಸ್ಪಷ್ಟ ಉಚ್ಚಾರದಲ್ಲಿ ಓದಿದೆ. ಸಂಜೆಯೊಳಗೆ ಎಸ್‌ಟಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅದು ಎಲ್ಲರ ಬಾಯಲ್ಲಿತ್ತು. ನಾನು ಸುಮ್ಮನೆ ಪಾಸ್‌ವರ್ಡು ಬದಲಿಸಿದೆ. ಠರಾವಿಲ್ಲದೆ ಬದಲಿಸಿದ್ದು ಹೇಗೆ ಎಂದು ನನಗೇ ನೋಟೀಸು ಕೊಟ್ಟರು, ಮತ್ತೆ ಹಳೆಯದನ್ನೇ ಹಾಕಿಸಿದರು.

ಖಾತೆ ತೆರೆಯುವಾಗ ಜನ್ಮದಿನ, ಮದುವೆ, ಹವ್ಯಾಸ ಎಂದೆಲ್ಲ ಕೇಳುತ್ತಿತ್ತು. ಅದು ಮನುಷ್ಯರಿಗೆ ಮಾಡಿದ್ದು. ಸಂಸ್ಥೆಗೆ ಬೇರೆ ರೀತಿಯ ಗುಂಪು ಮಾಡಬಹುದು ಎಂದು ನಾನು ವಿವರಿಸಿದೆ. ಗುಂಪು ಎಂಬ ಮಾತೇ ಅಣ್ಣಾರಿಗೆ ಸೇರಲಿಲ್ಲ. ಗುಂಪು ಮಾಡುವವರು ವಿರೋಧಿಗಳು, ತಮಗೆ ಖಾತೆಯೇ ಬೇಕು ಎಂದರು. ಮದುವೆಯ ಸಾಲಿಗೆ ಬಂದಾಗ ಎಲ್ಲರೂ ಗಂಭೀರರಾಗಿ ಕೂತರು.

"ಸಂಸ್ಥಾ ಅಂದ್ರ ಅಣ್ಣಾ. ಅಣ್ಣಾರ ಮದಿವಿ ಆಗೇದ. ಆಗೇದ ಅಂತ ಹಾಕ್ರಿ," ಎಂದ ಮಲ್ಲಪ್ಪ. ಹವ್ಯಾಸದ ಸಾಲಿನಲ್ಲಿ 'ಶಿಕ್ಷಣ ಪ್ರಸಾರ ಮತ್ತು ಕುಸ್ತಿ' ಎಂದು ಬರೆಸಿದರು.

ಹೀಗೆ ವಿವಾಹಿತವಾದ ನಮ್ಮ ಸಂಸ್ಥೆಗೆ ಹಳೆಯ ವಿದ್ಯಾರ್ಥಿಗಳಿಂದ ಗೆಳೆತನದ ಕೋರಿಕೆಗಳು ಬರತೊಡಗಿದವು. ಒತ್ತಿದರೆ ಮುಗಿಯುವ ಕೆಲಸ. ಆದರೆ ಹೊರಗಿನಿಂದ ಬಂದದ್ದೆಲ್ಲ ಅರ್ಜಿ, ಅರ್ಜಿಯ ನಿರ್ಣಯ ಸಭೆಯಲ್ಲಿ. ತಿಂಗಳಿಗೊಮ್ಮೆ ನಾನು ಹೆಸರು ಓದುತ್ತಿದ್ದೆ, ಮನೆತನ ವಿಚಾರಿಸಿ ನಿರ್ಣಯ ಕೊಡುತ್ತಿದ್ದರು. ಪುಣೆಯಲ್ಲಿ ಟೆಂಪೊ ನಡೆಸುವ ಒಬ್ಬ ಹುಡುಗನ ಅರ್ಜಿ ಅಲ್ಲೇ ಬಿದ್ದುಹೋಯಿತು.

"ಅವರಪ್ಪ ಪಂಚಾಯ್ತಿ ಇಲೆಕ್ಷನ್ನಿಗೆ ನಮ್ಮ ವಿರುದ್ಧ ನಿಂತಂವ. ಅಂವನ ಕೂಡ ಎಂಥಾ ಗೆಳೆತನ?" ಎಂದರು ಅಣ್ಣಾ.

"ಇಷ್ಟ ಮಂದಿ ಗೆಳ್ಯಾರಾದರು ಅಂದ್ರ ನಾಳಿ ಸಾಲಿಗೇ ಬಂದಾರು," ಎಂದು ಮಲ್ಲಪ್ಪ ಚಿಂತಿಸಿದ. "ಅವರಿಗೆ ಚಹಾ ಯಾರು ಕುಡಸೋರು?"

ಶಾಲೆಯ ಬಾವಿಗೆ ಪಂಪು ಕೊಡಿಸಲೇ ಎಂದು ಒಬ್ಬ, ಪುಸ್ತಕ ಕಳಿಸಲೇ ಎಂದು ಇನ್ನೊಬ್ಬಳು ಅದರಲ್ಲಿ ಬರೆದಿದ್ದರು. ಅವಕ್ಕೆ ಉತ್ತರ ಬರೆಯಲು ನನಗೆ ಅಧಿಕಾರವಿರಲಿಲ್ಲ. ಮನೆಗೆ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕುಲಗೋತ್ರ ಕೇಳುವ ಮನೆಯಾಗಿತ್ತು ಅದು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗಲಾರದ ಮಾತಿಗೆ ಬರುತ್ತೇನೆ.

ಕನ್ನಡ ತುಕಡಿಯನ್ನು ನಿಜವಾಗಿ ನಡೆಸುತ್ತಿದ್ದವರು ಮುಜಾವರ ಬಾಯಿ. ಶಿಕ್ಷಕಿಯರಿಗೆ ನಮ್ಮ ಕಡೆ ಬಾಯಿ ಎನ್ನುತ್ತೇವೆ. ಶೇಗಾಂವದ ಮನೆತನದವರು, ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಅವರ ಕನ್ನಡ ಎಷ್ಟು ಶುದ್ಧವೆಂದರೆ ಅವರೆದುರು ತಪ್ಪು ಮಾತಾಡಲು ನನಗೂ ಅಂಜಿಕೆ. ಕುರಿ ಕಾಯುವವರ ವಸ್ತಿಗಳಲ್ಲಿ ಹೆಣ್ಣುಮಕ್ಕಳು ಏಳನೆಯ ಇಯತ್ತೆಗೆ ಓದು ಮುಗಿಸಿ ಹಟ್ಟಿ ಸೇರುವುದು ರೂಢಿ. ಬೇಸಿಗೆ ಸೂಟಿಯಲ್ಲಿ ಬಾಯಿಯವರು ವಸ್ತಿ ವಸ್ತಿ ತಿರುಗಿ, ಆ ಹುಡುಗಿಯರ ಅಪ್ಪಂದಿರ ಜೊತೆ ಜಗಳವಾಡಿ ಎಂಟನೆಯ ಇಯತ್ತೆಗೆ ಕರೆತರುತ್ತಿದ್ದರು. ಮಾಡಗ್ಯಾಳದ ಹತ್ತಿರದ ವಸ್ತಿಯ ಲಗಮವ್ವ ಎಂಬ ಹುಡುಗಿಯನ್ನು ಹಾಗೆಯೇ ತಂದದ್ದು. ಅವಳೀಗ ಮಿರಜದ ಒಂದು ದವಾಖಾನೆಯಲ್ಲಿ ನರ್ಸು. ಆ ಹುಡುಗಿಯರಿಗೆ ಮರಾಠಿ ಬಾರದು. ಕನ್ನಡ ತುಕಡಿ ಇದ್ದರೆ ಓದು, ಇಲ್ಲದಿದ್ದರೆ ಕುರಿ ಮತ್ತು ಮದುವೆ.

ಆ ವರ್ಷ ಜತ್ತದ ಶಾಲೆಯವರು ಗಣಿತ, ವಿಜ್ಞಾನಗಳನ್ನಷ್ಟೇ ಇಂಗ್ಲಿಷಿನಲ್ಲಿ ಕಲಿಸುವ ಸೆಮಿ ಇಂಗ್ಲಿಷ್ ತುಕಡಿ ತೆರೆದರು. ಅಣ್ಣಾರ ಹೊಟ್ಟೆಗೆ ಕೆಂಡ ಬಿತ್ತು. ನಮ್ಮಲ್ಲಿ ಕೋಣೆಗಳು ಸಾಲವು, ಆದ್ದರಿಂದ ಬರುವ ಜೂನಿನಿಂದ ಕನ್ನಡ ತುಕಡಿ ಬಂದ್, ಆ ಕೋಣೆಗಳಲ್ಲಿ ಸೆಮಿ ಇಂಗ್ಲಿಷ್ ಎಂದು ಸಭೆಯಲ್ಲಿ ಹೇಳಿದರು. ಮಲ್ಲಪ್ಪ ಅನುಮೋದಿಸಿದ. ಎಲ್ಲರೂ ಕೈ ಎತ್ತಿದರು. ಅವರಲ್ಲಿ ಒಬ್ಬನ ಮನೆಯಲ್ಲೂ ಕನ್ನಡ ಬಿಟ್ಟು ಬೇರೆ ಮಾತಿರಲಿಲ್ಲ. ಮುಜಾವರ ಬಾಯಿಯವರನ್ನು ಹೆಚ್ಚುವರಿ ಶಿಕ್ಷಕರೆಂದು ಸರ್ಕಾರಕ್ಕೆ ಒಪ್ಪಿಸುವುದು, ಸರ್ಕಾರ ಅವರನ್ನು ಎಲ್ಲಿ ಬೇಕಾದರೂ ಒಗೆಯಲಿ ಎಂದು ತೀರ್ಮಾನವಾಯಿತು. ಬಾಯಿಯವರು ವಸ್ತಿಯ ಪಾಲಕರನ್ನು ಕರೆದುಕೊಂಡು ಅಣ್ಣಾರ ಮನೆಗೆ ಹೋದರು. ಅಣ್ಣಾ ಕುರ್ಚಿಯಿಂದ ಏಳದೆ ಹೇಳಿದರಂತೆ:

"ಕುರಿ ಕಾಯೋದಕ್ಕ ಸಾಲಿ ಯಾಕ ಬೇಕರಿ ಬಾಯಾರ?"

ಸುದ್ದಿ ಹಳೆಯ ವಿದ್ಯಾರ್ಥಿಗಳಿಗೂ ಮುಟ್ಟಿತು. ಕೆಲವರು ಫೋನ್ ಮಾಡಿದರು. ಹೆಡ್‌ಮಾಸ್ತರರು, 'ವರಿಷ್ಠರ ನಿರ್ಣಯ' ಎಂದು ಹೇಳಿ ಇಟ್ಟುಬಿಟ್ಟರು. ಆ ಮನುಷ್ಯನ ಬೆನ್ನಿಗೆ ಎಲುಬಿತ್ತೋ ಇಲ್ಲವೋ ಇವತ್ತಿಗೂ ನನಗೆ ಸಂಶಯ.

ಅದೇ ಸಭೆಯಲ್ಲಿ ಖಾತೆಯ ಫೋಟೊದ ವಿಷಯವೂ ಬಂದಿತ್ತು. ಮೊದಲು ಹಾಕಿದ್ದು ಎಲ್ಲ ಡೈರೆಕ್ಟರರ ತಲೆಗಳನ್ನು ಸಾಲಾಗಿ ಜೋಡಿಸಿದ, ಊರ ಅಗಸಿಯಲ್ಲಿ ಕಟ್ಟುವ ಫ್ಲೆಕ್ಸಿನಂಥ ಫೋಟೊ. ಖಾತೆಯಲ್ಲಿ ಫೋಟೊ ಬರುವುದೇ ಅಂಗೈಯಗಲ, ಅದರಲ್ಲಿ ಅವರೆಲ್ಲ ರಾಶಿಯಲ್ಲಿಯ ಜೋಳದ ಕಾಳಿನಂತೆ ಕಾಣುತ್ತಿದ್ದರು. ಅಣ್ಣಾರಿಗೆ ತನ್ನ ಮುಖ ದೊಡ್ಡದಾಗಿ ಬೇಕಾಯಿತು. ಆಗಷ್ಟೇ ಅವರ ಸತ್ಕಾರವಾಗಿತ್ತು, ಕೊರಳ ತುಂಬ ಹಾರ ಹಾಕಿಸಿಕೊಂಡ ಫೋಟೊ ತೆಗೆಸಿದ್ದರು. ಅದನ್ನೇ ಹಾಕು ಎಂದರು. ಜತ್ತದಲ್ಲಿ ಸ್ಕ್ಯಾನು ಮಾಡಿಸಿದರೆ ಅದು ಕಪ್ಪು ಬಿಳುಪಾಗಿ ಬಂತು. ಚೌಕಕ್ಕೆ ಕತ್ತರಿಸಿದಾಗ ಉಳಿದದ್ದು ಮುಖ ಮತ್ತು ಹಾರ ಮಾತ್ರ. ಶಾಲು, ತಲೆಯ ಪಟಗಾ, ವೇದಿಕೆ ಎಲ್ಲ ಹೋಯಿತು.

ನಾನು ನೋಡಿದವನೇ ಹೇಳಿದೆ, "ಅಣ್ಣಾ, ಈ ಹಾರದ ಫೋಟೊ ಬ್ಯಾಡ್ರಿ. ನೋಡಿದವರು ಬ್ಯಾರೆ ತಿಳಕೋತಾರ."

"ಹಾರ ತಗದರ ನನ್ನ ಸತ್ಕಾರ ಆಗೇದಂತ ಮಂದಿಗೆ ಹೆಂಗ ತಿಳೀಬೇಕೊ? ನಿನಗ ಹೊಟ್ಟಿಕಿಚ್ಚು."

ಹೆಡ್‌ಮಾಸ್ತರರು ತಮ್ಮ ಪಾಲನ್ನೂ ಸೇರಿಸಿದರು. ಫೋಟೊದ ಕೆಳಗೆ ಅಣ್ಣಾರ ಹೆಸರು ಬರೆದು 'ವಿನಮ್ರ ಅಭಿವಾದನ' ಎಂದು ಹಾಕಲು ಹೇಳಿದರು. ಮರಾಠಿ ನಾಡಿನಲ್ಲಿ ಆ ಎರಡು ಶಬ್ದಗಳನ್ನು ಬರೆಯುವುದು ತೀರಿಕೊಂಡ ಮಹಾಪುರುಷರ ಪುಣ್ಯತಿಥಿಗೆ. ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಕಚೇರಿಯ ಗೋಡೆಯ ಮೇಲಿನ ದೊಡ್ಡವರ ಫೋಟೊಗಳ ಕೆಳಗೆಲ್ಲ ಅದೇ ಇತ್ತು, ಅಣ್ಣಾರಿಗೆ ಅದಕ್ಕಿಂತ ಕಡಿಮೆ ಬರೆಸಲು ಅವರಿಗೆ ಧೈರ್ಯವಿರಲಿಲ್ಲ. ನಾನು ಮತ್ತೆ ಬೇಡವೆಂದೆ. ನನಗೆ ಇನ್ನೊಂದು ನೋಟೀಸು ಕೊಡುವ ಮಾತು ಬಂತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಫೋಟೊ ಹಾಕಿದೆ.

ಹಾಕಿದ ಮರುದಿನವೇ ಡಫಳಾಪುರದಿಂದ ಒಂದು ಜೀಪು ಬಂತು. ಅಣ್ಣಾರ ಮಗಳನ್ನು ಕೊಟ್ಟ ಊರು ಅದು. ಅವಳ ಮೈದುನ ಪುಣೆಯಲ್ಲಿದ್ದ, ಖಾತೆ ನೋಡಿ ಮನೆಗೆ ಫೋನ್ ಮಾಡಿದ್ದ. ಅಣ್ಣಾರ ಮನೆಯ ಫೋನು ಎಂದಿನಂತೆ ಸತ್ತಿತ್ತು, ಕೇಳಿ ತಿಳಿಯುವ ದಾರಿ ಇರಲಿಲ್ಲ. ಊರ ಅಗಸಿ ದಾಟುತ್ತಲೇ ಹೆಣ್ಣುಮಕ್ಕಳು ಹಾಡಿಕೊಂಡು ಅಳತೊಡಗಿದರು. ಜನ ಸೇರಿದರು. ಗದ್ದಲ ಕೇಳಿ ಅಣ್ಣಾ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಹೊರಗೆ ಬಂದರು.

"ಯಾರ ಹೋದರು?" ಎಂದು ಕೇಳಿದವರೂ ಅವರೇ.

ಮಗಳು ಓಡಿ ಬಂದು ಅಪ್ಪನ ಕಾಲು ಹಿಡಿದು ಇನ್ನೂ ಜೋರಾಗಿ ಅತ್ತಳು. ಅವಳ ಅಳು ಖರೇ ಇತ್ತು, ಅವಳನ್ನು ನೋಡಿ ನಾನು ನಗುವುದಿಲ್ಲ. ಆದರೆ ಬೀಗರು ಕೈಯಲ್ಲಿ ದೊಡ್ಡ ಹಾರ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಆಗ ಮಲ್ಲಪ್ಪ ಮುಂದೆ ಬಂದ.

"ಹ್ಯಾಂಗೂ ತಂದೀರಿ, ಸತ್ಕಾರ ಅಂತ ಹಾಕೇ ಬಿಡ್ರಿ ಬೀಗರ."

ಹಾಕಿದರು. ಅಣ್ಣಾ ಕೊರಳು ಬಗ್ಗಿಸಿ ಹಾಕಿಸಿಕೊಂಡರು. ಹಾರ ಕಂಡರೆ ಬಗ್ಗುವುದು ಆ ಕೊರಳಿಗೆ ಅಷ್ಟು ರೂಢಿಯಾಗಿತ್ತು.

ಆಮೇಲೆ ಸಿಟ್ಟು ಏರಿತು. ತುರ್ತು ಸಭೆ ಕರೆದರು. ಖಾತೆಯಲ್ಲಿ ಜನ ಏನೇನು ಬರೆದಿದ್ದಾರೆ, ಎಲ್ಲವನ್ನೂ ತನ್ನೆದುರು ಓದಬೇಕು ಎಂದರು. ಹೀಗೆ ಅಣ್ಣಾ, ಮಲ್ಲಪ್ಪ, ಉಳಿದ ಡೈರೆಕ್ಟರರು ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿ ಹಾಕಿ ಕೂತರು. ನಾನು ಯಂತ್ರದ ಮುಂದೆ. ಹೆಡ್‌ಮಾಸ್ತರರು ನನ್ನ ಹೆಗಲ ಮೇಲಿಂದ ಬಗ್ಗಿ ಮರಾಠಿಯವನ್ನು ಓದಿದರು. ಎಲ್ಲರೂ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದಿದ್ದರು. ಆಧಾರದ ಆಲದ ಮರ ಉರುಳಿತು, ಶಿಕ್ಷಣದ ಸೂರ್ಯ ಮುಳುಗಿದ. ಯಾವ ಊರಿನ ಯಾವ ಪುಢಾರಿ ಸತ್ತರೂ ಬರೆಯುವ ಮಾತುಗಳು. ಹೆಡ್‌ಮಾಸ್ತರರು ಅವನ್ನು ಶೋಕಸಭೆಯ ಧ್ವನಿಯಲ್ಲಿ, ನಡುನಡುವೆ ಗಂಟಲು ಸರಿಪಡಿಸಿಕೊಂಡು ಓದಿದರು. ಸಿಟ್ಟಿನಿಂದ ಕೂತಿದ್ದ ಅಣ್ಣಾ ಮೆಲ್ಲಗೆ ಸಡಿಲಾದರು. ಸ್ವಲ್ಪ ಹೊತ್ತಿಗೆ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಕರವಸ್ತ್ರ ಹೊರಬಂತು. ತನ್ನ ಸಾವಿಗೆ ತಾನೇ ಅಳುವ ಭಾಗ್ಯ ಎಷ್ಟು ಜನಕ್ಕೆ ಇರುತ್ತದೆ?

ಉಳಿದವು ಕನ್ನಡದವು. ಆಗ ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು. ಹೆಡ್‌ಮಾಸ್ತರರಿಗೆ ಅಕ್ಷರ ಬರುತ್ತಿತ್ತು, ಭಾಷೆ ಬರುತ್ತಿರಲಿಲ್ಲ. ಡೈರೆಕ್ಟರರಿಗೆ ಭಾಷೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಓದಲು ಬಾಯಿ ತೆರೆದರೆ, ಅಣ್ಣಾ ಕೈ ಅಡ್ಡ ಹಿಡಿದರು.

"ನೀ ಬ್ಯಾಡ. ನಿನ್ನ ದನಿ ಒಣಾ ಒಣಾ. ಮುಜಾವರ ಬಾಯಾರ್ನ ಕರೀರಿ, ಅವರು ಛಂದ ಓದತಾರ."

ಅವೆಲ್ಲವನ್ನೂ ನಾನು ಬೆಳಿಗ್ಗೆಯೇ ಓದಿದ್ದೆ. ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಬೇಡದಾಗೆಲ್ಲ ಹೋಗುವ ಕರೆಂಟು ಅವತ್ತು ಗೂಟ ಹೊಡೆದುಕೊಂಡು ಕೂತಿತ್ತು.

ಬಾಯಿಯವರು ಬಂದರು. ಸೀಮೆಸುಣ್ಣ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕದಲ್ಲಿ ನಿಂತು ಪರದೆ ನೋಡಿದರು. ಮೊದಲನೆಯದು ಲಗಮವ್ವನದು. ಅವಳು ಬರೆದದ್ದು ಹೀಗಿತ್ತು: 'ಅಣ್ಣಾ ಹೋದ್ರಂತ. ದೇವರಿಗೂ ಕಣ್ಣ ಅದಾವ. ಇನ್ನ ನಮ್ಮ ಕನ್ನಡ ತುಕಡಿ ಬಂದ್ ಮಾಡವರು ಯಾರೂ ಉಳೀಲಿಲ್ಲ. ಮುಜಾವರ ಬಾಯಾರಿಗೆ ಹೇಳ್ರಿ, ಪೇಢೆ ಹಂಚ್ರಿ ಅಂತ.'

ಬಾಯಿಯವರ ತುಟಿ ಅಲುಗಿ ನಿಂತಿತು. ಅವರು ಅದನ್ನು ಇದ್ದಂತೆ ಓದಿದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ತುಕಡಿಯಂತೂ ಹೋಗಿತ್ತು, ಅವರ ನೌಕರಿಯೂ ಅವತ್ತೇ ಹೋಗುತ್ತಿತ್ತು.

"ಓದ್ರಿ ಬಾಯಾರ, ಯಾರದು?" ಎಂದರು ಅಣ್ಣಾ.

"ಲಗಮವ್ವಂದ್ರಿ. ಮಾಡಗ್ಯಾಳ ವಸ್ತಿ ಹುಡುಗಿ. ಮಿರಜದಾಗ ನರ್ಸ್ ಅದಾಳ." ಬಾಯಿಯವರು ಒಮ್ಮೆ ಉಸಿರೆಳೆದುಕೊಂಡು ಪರದೆಯ ಮೇಲೆ ಕಣ್ಣಿಟ್ಟು, ಪಾಠ ಓದುವ ನಿಧಾನದಲ್ಲೇ ಓದಿದರು: "ಅಣ್ಣಾ ಹೋದ್ರಂತ ಕೇಳಿ ಎದಿ ಒಡದಂಗಾತು. ನಮ್ಮಪ್ಪ ನನ್ನ ಕುರಿ ಹಿಂದ ಕಳಸಾಂವ ಇದ್ದ. ಅಣ್ಣಾರು ಕನ್ನಡ ತುಕಡಿ ಇಟ್ಟಿದ್ದರಂತ ನಾ ಓದಿದೆ, ನರ್ಸ್ ಆದೆ. ಅವರು ಇರೂತನಕಾ ಆ ತುಕಡಿಗೆ ಯಾರೂ ಕೈ ಹಚ್ಚಲಿಲ್ಲ. ಇನ್ನ ನಮ್ಮಂಥಾ ಹುಡುಗ್ಯಾರನ್ನ ಯಾರ ಕಾಯಬೇಕು?"

ನಾನು ಪರದೆಯಿಂದ ಕಣ್ಣು ಕೀಳಲಿಲ್ಲ, ಕಿತ್ತರೆ ನನ್ನ ಮುಖ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಮುಂದಿನದನ್ನು ಏರಿಸಿದೆ. ಸೊಲ್ಲಾಪುರದಲ್ಲಿದ್ದ ಒಬ್ಬ ಹುಡುಗ, 'ಮುದುಕ ಹೋದ, ಸಾಲಿ ಉಳೀತು' ಎಂದಷ್ಟೇ ಬರೆದಿದ್ದ.

"ಹಿರ್ಯಾರು ಹೋದರು," ಎಂದು ಓದಿದರು ಬಾಯಿಯವರು, "ಅವರು ಕಟ್ಟಿದ ಸಾಲಿ ಉಳೀಲಿ, ಅದರಾಗ ಕನ್ನಡ ಉಳೀಲಿ."

ಹೀಗೇ ಒಂದೊಂದಾಗಿ. ಒಂದು ಬೈಗುಳವಿತ್ತು. ಅದು ಬಾಯಿಯವರ ನಾಲಗೆಯ ಮೇಲೆ ಹಾರೈಕೆಯಾಯಿತು. ಎಲ್ಲದರ ಕೊನೆಗೂ ಆ ತುಕಡಿ ಬಂದೇ ಬರುತ್ತಿತ್ತು. ಓದಿ ಮುಗಿದಾಗ ಅಣ್ಣಾರ ಮೀಸೆ ಒದ್ದೆಯಾಗಿತ್ತು.

"ನಾ ಇಷ್ಟೆಲ್ಲಾ ಮಾಡೀನೇನೊ ಮಲ್ಲ್ಯಾ?"

"ಮಾಡೀರಿ ಅಣ್ಣಾ. ನಿಮಗ ಗೊತ್ತಿಲ್ಲ, ಮಂದಿಗೆ ಗೊತ್ತದ," ಎಂದ ಮಲ್ಲಪ್ಪ.

ಅಣ್ಣಾ ಕರವಸ್ತ್ರದಿಂದ ಮೀಸೆ ಒರೆಸಿಕೊಂಡರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಹೇಳಿದರು, "ಸತ್ತ ಅಣ್ಣಾಗ ಇಷ್ಟ ಹೆಸರ ಅದ. ಇದ್ದ ಅಣ್ಣಾ ಅದನ್ನ ಯಾಕ ಕೆಡಸಬೇಕು? ಮಾಸ್ತರ, ಆ ತುಕಡಿ ಠರಾವು ಹಿಂದ ತಗೋರಿ."

ಮಲ್ಲಪ್ಪ ಅನುಮೋದಿಸಿದ. ಕನ್ನಡ ತುಕಡಿ ಮುಚ್ಚಲು ಎದ್ದ ಕೈಗಳೇ ಅದನ್ನು ಉಳಿಸಲೂ ಎದ್ದವು. ಹೆಡ್‌ಮಾಸ್ತರರು, ತಮಗೂ ಮೊದಲಿನಿಂದ ಹಾಗೇ ಅನಿಸುತ್ತಿತ್ತು ಎಂದು ಮರಾಠಿಯಲ್ಲಿ ಹೇಳಿದರು. ಬಾಯಿಯವರ ಮುಖವನ್ನು ಯಾರೂ ನೋಡಲಿಲ್ಲ. ಪಾಲಕರು ಬಂದು ಗೋಗರೆದಾಗ ಕೇಳದ ಕಿವಿ, ಮಕ್ಕಳ ಬಾಳು ಹಾಳಾದೀತು ಎಂದಾಗ ಕರಗದ ಎದೆ, ತನ್ನ ಹೆಣಕ್ಕೆ ಬಿದ್ದ ಹೊಗಳಿಕೆಗೆ ಕರಗಿತು. ಇಂಥವರ ಕೈಯಲ್ಲಿ ನಾವು ಮಕ್ಕಳನ್ನು ಕೊಟ್ಟಿದ್ದೆವು.

ಹೊರಡುವಾಗ ಅಣ್ಣಾ ಆ ಬರಹಗಳನ್ನು ಕಾಗದಕ್ಕೆ ಇಳಿಸಿ ಫ್ರೇಮು ಹಾಕಿಸಿ ಕೊಡು ಎಂದರು. ಇದ್ದದ್ದನ್ನೇ ಇಳಿಸಿದರೆ ಗುಟ್ಟು ಗೋಡೆಗೇರುತ್ತಿತ್ತು. ಬಾಯಿಯವರೇ, "ಇಂಗ್ಲಿಷ್ ಅಕ್ಷರ ಯಾಕರಿ ಅಣ್ಣಾ, ನಾ ದುಂಡ ಅಕ್ಷರದಾಗ ಬರದು ಕೊಡತೀನಿ," ಎಂದರು. ಬರೆದೂ ಕೊಟ್ಟರು. ಅದು ಅಣ್ಣಾರ ಪಡಸಾಲೆಯಲ್ಲಿ ತೂಗಿತು. ಜೂನಿನಲ್ಲಿ ಎಂಟನೆಯ ಇಯತ್ತೆಯ ಕನ್ನಡ ತುಕಡಿ ತೆರೆಯಿತು, ವಸ್ತಿಯ ಹುಡುಗಿಯರು ಬಂದು ಕೂತರು. ಮರುವರ್ಷದ ಸ್ನೇಹಸಮ್ಮೇಳನದಲ್ಲಿ ಅಣ್ಣಾರಿಗೆ ಕನ್ನಡ ಕಾಯ್ದ ಧೀರ ಎಂದು ಮತ್ತೊಂದು ಸತ್ಕಾರ ಮಾಡಿದರು. ಆಭಾರ ಮನ್ನಿಸಿ ಮಾತಾಡಲು ಮುಜಾವರ ಬಾಯಿಯವರನ್ನೇ ಎಬ್ಬಿಸಿದರು.

ಸಭೆಯ ದಿನ ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ದೀಪಾವಳಿಗೆ ಬರುವ ಯಾವನಾದರೂ ಓದು ಬಲ್ಲವನು ನೋಡಿಬಿಟ್ಟರೆ ಕೆಲಸ ಕೆಟ್ಟಿತು ಎಂದು ನಾನು ಆ ಬರಹಗಳನ್ನು ಅಳಿಸತೊಡಗಿದೆ. ಒಳಗೊಳಗೆ ಗೆದ್ದ ಖುಷಿ.

"ಭಾರಿ ಮಾಡಿದ್ರಿ ಬಾಯಾರ," ಎಂದೆ. "ಆ ಮನಶ್ಯಾನ್ನ ಹೆಂಗ ಬಗ್ಗಸಿದ್ರಿ!"

"ದಡ್ಡ ಹುಡುಗ ಪಾಸ್ ಆಗಬೇಕಂದ್ರ ಉತ್ತರಾ ನಾವ ಹೇಳಿಕೊಡಬೇಕಾಗತದ ಭಾವುಸಾಹೇಬ," ಎಂದರು. "ಆಮ್ಯಾಲ ಅಂವ ತಾನ ಬರದೆ ಅಂತಾನ. ಅನ್ನಲಿ ಬಿಡ್ರಿ, ತುಕಡಿ ಉಳೀತು."

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಪರದೆಯ ಮೇಲೆ ಲಗಮವ್ವನ ಮಾತು ಒಂದೇ ಉಳಿದಿತ್ತು. ಅಳಿಸಲು ಗುಂಡಿಗೆ ಕೈ ಹಾಕಿದೆ.

"ಸ್ವಲ್ಪ ತಡೀರಿ," ಎಂದು ಬಾಯಿಯವರು ಹತ್ತಿರ ಬಂದು, ಅದನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಇನ್ನೊಮ್ಮೆ ಓದಿದರು. ಕಣ್ಣು ತುಂಬಿ ಬಂದಿದ್ದವು.

"ಅಕಿ ಸಾಲಿಗೆ ಬಂದಾಗ ದನೀನ ಹೊರಡತಿದ್ದಿಲ್ಲರಿ. ಅಂಜಬ್ಯಾಡ, ಇದ್ದದ್ದ ಇದ್ದಂಗ ಬರಿ ಅಂತ ಕೈ ಹಿಡದು ಕಲಿಸಿದಾಕಿ ನಾನು. ಇವತ್ತ ಅಕಿ ಬರದಳು. ನನಗ ಓದಾಕ ಆಗಲಿಲ್ಲ."